ಮೂವತ್ತೇಳನೇ ಮೈಲಿಯ ಹತ್ತಿರ

ಇಲ್ಲಿ ಎದುರಿಗೊಂದು ಗಾಡಿ ಬಂದರೆ
ಸ್ಟಿಯರಿಂಗಿನಿಂದ ಒಂದು ಬೆರಳು ಎತ್ತಬೇಕು.
ಎರಡೆತ್ತಿದರೆ ಸಲಿಗೆ. ಕೈಯಿಡೀ ಬೀಸಿದರೆ
ಹೊರಗಿನವನು, ದಾರಿ ತಪ್ಪಿದ್ದಾನೆ.
ಏನೂ ಎತ್ತದೆ ಹೋದೆಯೋ,
ಸಂಜೆಯೊಳಗೆ ಯಾರಾದರೂ ಫೋನು ಮಾಡುತ್ತಾರೆ:
ಯಾಕೋ, ಮೈ ಸರಿಯಿಲ್ಲವಾ?

ನಾನೂರ ಹನ್ನೊಂದು ಜನ, ಎರಡು ಸಾವಿರ ಚದರ ಮೈಲಿ.
ಹಂಚಿಕೊಂಡರೆ ತಲೆಗೆ ಐದು ಸಿಕ್ಕೀತು,
ಅದರಲ್ಲಿ ನಾಲ್ಕು ಬರೀ ಗಾಳಿ.

ಹಗಲು ನಾನು ರೈಲುಹಳಿ ಪಕ್ಕದ ತಗಡಿನ ಕಣಜದಲ್ಲಿ
ಲಾರಿ ತೂಗುವವನು. ಗೋಧಿ, ಬಾರ್ಲಿ,
ಈಚೆಗೆ ನಾಲ್ಕಾರು ವರ್ಷದಿಂದ ಮಸೂರ.
ಈ ಕೆಂಪು ಬೇಳೆ ಯಾವ ದೇಶದ ಯಾರ ಸಾರಿಗೆ ಬೀಳುತ್ತದೋ,
ಬೆಳೆದವರಾರೂ ತಿಂದಿಲ್ಲ.
ವೊಂಡಾ ಸ್ಕಾರ್ ಒಮ್ಮೆ ಬೇಯಿಸಿದಳು.
ನಾಯಿ ಮೂಸಿ ನೋಡಿ ಹೊರಟುಹೋಯಿತಂತೆ.

ಅದೇ ವೊಂಡಾ, ಐದು ಮಕ್ಕಳ ಶಾಲೆಯ ಟೀಚರು,
ರಾತ್ರಿ ಪೇಜರ್ ಕೂಗಿದರೆ ಆಂಬುಲೆನ್ಸಿನ ಹಿಂದೆ ಕೂರುತ್ತಾಳೆ.
ನಾನು ಓಡಿಸುತ್ತೇನೆ. ಸಂಬಳವಿಲ್ಲ,
ಬೆನ್ನ ಮೇಲೆ ಹೆಸರು ಬರೆದ ಒಂದು ಕೋಟು ಕೊಟ್ಟಿದ್ದಾರೆ.
ನನ್ನದರ ಮೇಲೆ ನನಗಿಂತ ಮುಂಚಿನವನ ಹೆಸರಿದೆ.

ಮಾರ್ಚಿಯಲ್ಲಿ, ಹಸುಗಳು ಈಯುವ ವಾರ,
ರಸ್ತೆ ಗಾಜಾಗಿದ್ದ ರಾತ್ರಿ, ಟೆಸ್ ಲಿಂಡ್ವಾಲ್‌ಗೆ ನೋವು ಶುರುವಾಯಿತು.
ಆಸ್ಪತ್ರೆ ಎಂಬತ್ಮೂರು ಮೈಲಿ.
ಗಂಡ ಕೊಟ್ಟಿಗೆ ಬಾಗಿಲಲ್ಲಿ ತೋಳು ಮಡಚಿ ನಿಂತಿದ್ದ:
ಕಡಸಿಗೆ ಚೊಚ್ಚಲು, ಕರುವಿನ ಕಾಲು ಕಂಡಿದೆ,
ನೀವು ಹೊರಡಿ, ಹಿಂದೆಯೇ ಬಂದೆ.
ಟೆಸ್ ಅವನಿಗೆ ಏನೋ ಅಂದಳು. ಅದನ್ನಿಲ್ಲಿ ಬರೆಯಲಾರೆ.

ಮೂವತ್ತೇಳನೇ ಮೈಲಿ ದಾಟಿದ್ದೇ
ವೊಂಡಾ ಹಿಂದಿನ ಗಾಜು ತಟ್ಟಿದಳು.
ನಿಲ್ಲಿಸು. ಇದು ಕಾಯುವುದಿಲ್ಲ.

ನಿಲ್ಲಿಸಿದೆ. ಎಂಜಿನ್ ಗುನುಗು, ತಗಡಿಗೆ ಉಜ್ಜುವ ಪುಡಿ ಹಿಮ.
ನೋವಿನ ಎರಡು ಅಲೆಗಳ ನಡುವೆ ಟೆಸ್ ಕೇಳಿದಳು:
ಎಲ್ಲಿದ್ದೇವೆ?
ಕೌಂಟಿಯ ಗಡಿ ಈಗಷ್ಟೇ ದಾಟಿದೆವು, ಕಾಲು ಮೈಲಿ.
ಹಿಂದಕ್ಕೆ ತಗೋ.
ಏನು?
ಹಿಂದಕ್ಕೆ ತಗೋ ಅಂದೆ.
ಅವರಿಗೆ ಒಂಬತ್ತು ಸಾವಿರ ಜನ ಇದ್ದಾರೆ,
ಇದನ್ನೂ ಅವರಿಗೇ ಕೊಡಬೇಕಾ?

ಹದಿನೆಂಟು ವರ್ಷ ಪಾಠ ಹೇಳಿದ ವೊಂಡಾಳ ಬಾಯಲ್ಲಿ
ಅವತ್ತು ಮೊದಲ ಸಲ ಬೈಗುಳ ಕೇಳಿದೆ.
ಆದರೂ, ನಿಧಾನ, ಅಂದಳು. ನಿಧಾನ ಹೋಗು.

ಕಾಲು ಮೈಲಿ ಹಿಮ್ಮುಖ.
ಹಿಂದೆ ಯಾರೂ ಇಲ್ಲ, ಮುಂದೆ ಯಾರೂ ಇಲ್ಲ,
ಹಿಮದ ಮೇಲೆ ನಮ್ಮದೇ ಕೆಂಪು ದೀಪ ಸುತ್ತುತ್ತಿದೆ.
ಕನ್ನಡಿಯಲ್ಲಿ ಹೊಳೆದ ಎರಡು ಕಣ್ಣು
ಯಾವುದೋ ಜಿಂಕೆಯದು, ಸರಿದು ದಾರಿ ಬಿಟ್ಟಿತು.
ಬೇಟೆಗಾರರು ಗುಂಡು ಹೊಡೆದು ತೂತು ಮಾಡಿದ
ಕೌಂಟಿಯ ಬೋರ್ಡು ಎಡಕ್ಕೆ ಕಂಡು
ಬಾನೆಟ್ಟಿನಾಚೆ ಸರಿಯಿತು. ಇನ್ನೂ ಹತ್ತು ಗಜ ತಗೊಂಡೆ,
ತಕರಾರು ಬೇಡವೆಂದು.

ಹುಟ್ಟಿದ ಮೇಲೆ ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ.
ಆ ಸ್ವಲ್ಪ ಹೊತ್ತು ಎಷ್ಟು ಎಂದು ಯಾರೂ ಅಳೆದಿಲ್ಲ.
ಆಮೇಲೆ ಅತ್ತಿತು, ಸಿಟ್ಟಿನಿಂದ,
ಯಾರೋ ನಿದ್ದೆಗೆಡಿಸಿದ ಹಾಗೆ.

ಗಂಡ ಪಿಕಪ್ಪಿನಲ್ಲಿ ಬಂದು ಮುಟ್ಟಿದಾಗ
ಒಂದು ತೋಳು ಮೊಣಕೈವರೆಗೆ ಇನ್ನೂ ಒದ್ದೆ.
ಯಾವುದು? ಅಂದ. ಹೆಣ್ಣು, ಅಂದಳು ವೊಂಡಾ.
ಅಲ್ಲೂ ಹೆಣ್ಣೇ, ಅಂದು
ಪುಟ್‌ಬೋರ್ಡಿನ ಮೇಲೆ ಕೂತು ಅತ್ತ.
ಕಾಗದದಲ್ಲಿ ಮೂವತ್ತಾರು ಪಾಯಿಂಟ್ ಒಂಬತ್ತು ಎಂದು ಬರೆದೆ.

ತಾಯಿ ಮಗುವನ್ನು ಆಸ್ಪತ್ರೆಗೆ ಬಿಟ್ಟು ವಾಪಸು ಬರುವಾಗ
ಬೆಳಗು, ಮೊಣಕಾಲೆತ್ತರದ ಬೆಳಕು.
ವೊಂಡಾ ಪಕ್ಕದ ಸೀಟಿನಲ್ಲಿ ಬಾಯಿ ತೆರೆದು ನಿದ್ದೆ.
ಡೀಸೆಲ್ ಲಾರಿಯೊಂದು ಎದುರು ಬಂತು.
ಏನನ್ನಿಸಿತೋ, ಕೈಯಿಡೀ ಎತ್ತಿ ಬೀಸಿದೆ.
ಅವನು ಬ್ರೇಕು ಹಾಕಿದ. ಕಿಟಕಿ ಇಳಿಸಿದ.
ದಾರಿ ತಪ್ಪಿತೇನೋ?
ನಾನೂರ ಹನ್ನೆರಡು, ಅಂದೆ.
ಒಂದು ಗಳಿಗೆ ಬೆರಳು ಮಡಚಿ ಯೋಚಿಸಿದ.
ಲಿಂಡ್ವಾಲರ ಮನೆಯಲ್ಲಾ?